ಮೂರನೆಯ ತುತ್ತೂರಿ

೬ ಜುಲೈ ೨೦೨೫, ಭಾನುವಾರ

ಆಫೀಸಿನಲ್ಲಿ ಹಂಚಿದ ಡೈರಿ ಇದು, ಹೋದ ವರ್ಷದ್ದು. ಯಾರೂ ಒಯ್ಯದೆ ಕಪಾಟಿನಲ್ಲಿ ಬಿದ್ದಿತ್ತು. ಅಚ್ಚಾದ ತಾರೀಖು ಹೊಡೆದುಹಾಕಿ ನನ್ನ ತಾರೀಖು ಬರೆದುಕೊಳ್ಳುತ್ತೇನೆ. ಮನಸ್ಸಿನದ್ದು ಹೇಳಿಕೊಳ್ಳಲು ಯಾರೂ ಇಲ್ಲದವರು ಗೋಡೆಯ ಹತ್ತಿರ ಮಾತಾಡುತ್ತಾರಂತೆ. ನಮ್ಮ ಮನೆಯಲ್ಲಿ ಗೋಡೆಯ ಆಚೆ ಅತ್ತೆ ಇದ್ದಾರೆ, ಅದಕ್ಕೇ ಡೈರಿ.

ಇವರು, ಅಂದರೆ ನನ್ನ ಗಂಡ ಮಾಲತೇಶ್, ಕೊಯಮತ್ತೂರಿನಿಂದ ವಾಪಸು ಬಂದು ಇವತ್ತಿಗೆ ಎರಡು ತಿಂಗಳಾಯಿತು. ಹದಿನಾರು ವರ್ಷ ಅಲ್ಲಿ ರೇಸ್ ಕಾರುಗಳ ಗ್ಯಾರೇಜಿನಲ್ಲಿ ಎಂಜಿನ್ ಟ್ಯೂನ್ ಮಾಡುತ್ತಿದ್ದರು. ಅದೇ ಕಾರು, ಅದೇ ಎಂಜಿನ್, ಇವರು ಕೈಯಾಡಿಸಿದ ಮೇಲೆ ಇನ್ನಷ್ಟು ಜೋರಾಗಿ ಓಡುತ್ತಿತ್ತಂತೆ. ಹೋದ ದೀಪಾವಳಿ ಹೊತ್ತಿಗೆ ಬಲಗೈ ನಡುಗಲು ಶುರುವಾಯಿತು. ದಾವಣಗೆರೆಯ ಡಾಕ್ಟರು ಪಾರ್ಕಿನ್ಸನ್ ಅಂದರು. ನಿಧಾನಕ್ಕೆ ಏರುವ ರೋಗ, ಮಾತ್ರೆ ತಪ್ಪಿಸಬೇಡಿ, ಕೈಗೆ ಕೆಲಸ ಕೊಡುತ್ತಾ ಇರಿ, ಇನ್ನೂ ಎಷ್ಟೋ ವರ್ಷ ನಡೆಯುತ್ತದೆ ಅಂತಲೂ ಹೇಳಿದರು. ಗ್ಯಾರೇಜಿನವರು ಮಾತ್ರ ಹಾರ ಹಾಕಿ ಕಳಿಸಿಬಿಟ್ಟರು. ನಲವತ್ತಾರು ವರ್ಷಕ್ಕೇ!

ಈಗ ಇವರಿಗೆ ಸ್ವಂತ ಅಂಗಡಿ ಬೇಕಂತೆ. ಬರೀ ಸ್ಪೋರ್ಟ್ಸ್ ಕಾರುಗಳನ್ನು ಟ್ಯೂನ್ ಮಾಡುವ ಅಂಗಡಿ. ಎಲ್ಲಿ? ಶಿಕಾರಿಪುರದಲ್ಲಿ. ನಾನು ನಕ್ಕುಬಿಟ್ಟೆ, ತಪ್ಪಾಯಿತು.

"ಇಲ್ಲಿ ಅಂಥ ಕಾರು ಯಾರ ಹತ್ರ ಐತ್ರಿ?" ಅಂದೆ.

"ಕಾರಿಗೆ ಊರು ಯಾವ್ದಾದ್ರೇನು? ಕೆಲಸ ಗೊತ್ತಿದ್ದೋನು ಎಲ್ಲಿದಾನೋ ಅಲ್ಲಿಗೆ ಬರ್ತವೆ."

ಶಿರಾಳಕೊಪ್ಪ ರಸ್ತೆಯಲ್ಲಿ ನಮ್ಮ ಸೋದರಮಾವ ಗೋಪಾಲಪ್ಪನ ಹಳೇ ಅಕ್ಕಿಗಿರಣಿಯ ಗೋದಾಮು ಖಾಲಿ ಬಿದ್ದಿದೆ. ಇವತ್ತು ಅದನ್ನು ಗುಡಿಸಿದೆವು. ಒಂದು ಮಂಕರಿ ತುಂಬ ಇಲಿ ಹಿಕ್ಕೆ ಬಂತು. ಶುಭಾರಂಭ.

೧೯ ಜುಲೈ, ಶನಿವಾರ

ಒಂದು ಕಾರೂ ಇಲ್ಲ. ಬಂದದ್ದು ಎರಡು ಪವರ್ ಟಿಲ್ಲರು, ಒಂದು ಗೂಡ್ಸ್ ಆಟೋ. ಮೂರನ್ನೂ ವಾಪಸು ಕಳಿಸಿದರು. "ನಾನು ಟಿಲ್ಲರ್ ಮುಟ್ಟಲ್ಲ" ಅಂದರಂತೆ. ದೊಡ್ಡ ಮಹಾರಾಜರು.

ನಾನು ದಿನಾ ಬೆಳಗ್ಗೆ ಬಸ್ಸು ಹತ್ತಿ ಸೊರಬಕ್ಕೆ ಹೋಗಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೂತು ಪಹಣಿ ತೆಗೆದುಕೊಡುತ್ತೇನೆ. ಗುತ್ತಿಗೆ ಕೆಲಸ. ಇವತ್ತು ಬಸ್ಸು ನಡುರಸ್ತೆಯಲ್ಲಿ ಕೆಟ್ಟು ನಿಂತಿತು. ಏನಾಗಿದೆ ಅಂತ ಕೇಳಿದರೆ ಡ್ರೈವರು "ಎಂಜಿನ್ನು ಕಣಮ್ಮ" ಅಂದ. ಎಂಜಿನ್ ಅಂದರೆ ಸಾಕು, ನನಗೆ ಮೈಯೆಲ್ಲಾ ಉರಿಯುತ್ತದೆ.

ಶಿವಮೊಗ್ಗದ ಒಂದು ಶೋರೂಮಿನಲ್ಲಿ ಇವರಿಗೆ ಸೂಪರ್‌ವೈಸರ್ ಕೆಲಸ ಕೊಡುತ್ತಾರಂತೆ. ನೆರಳಲ್ಲಿ ಕೂತು ಕಾಗದಕ್ಕೆ ಸಹಿ ಹಾಕುವುದು. ಹೇಳಿದೆ. ಊಟ ಬಿಟ್ಟು ಎದ್ದುಹೋದರು.

೧೦ ಆಗಸ್ಟ್, ಭಾನುವಾರ

ಕಾರು ಬಂತು! ಬರೆಯಲೇಬೇಕು, ಕಾರು ಬಂತು.

ಉಳವಿಯ ಶಾಂತವೀರಪ್ಪ ಅಂತ, ರಿಟೈರ್ ಆದ ದನದ ಡಾಕ್ಟರು. ಅರವತ್ತೈದು ದಾಟಿದೆ. ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ಕೆಂಪು ಕಾರು, ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಗೋವಾದಲ್ಲಿ ಯಾರೋ ಮಾರಿದ್ದನ್ನು ಇಪ್ಪತ್ತು ವರ್ಷದ ಹಿಂದೆ ತಂದದ್ದಂತೆ. ಜನವರಿಯಲ್ಲಿ ಘಟ್ಟದ ಮೇಲೆ ಹಳೇ ಕಾರುಗಳದ್ದು ಒಂದು ಓಟ ಇದೆ, ಅದಕ್ಕೆ ತಯಾರಾಗಬೇಕಂತೆ.

"ನಲವತ್ತು ವರ್ಷ ಜೀಪಿನಲ್ಲೇ ಹಳ್ಳಿ ಹಳ್ಳಿ ತಿರುಗಿದ್ದು ಮಾರಾಯ್ರೆ" ಅಂದರು. "ಎಂತದೋ ಒಂದಾಸೆ. ಒಂದು ಸಲ ಜೋರಾಗಿ ಹೋಗ್ಬೇಕು ಅಂತ."

ಇವರು ಕಾರಿನ ಮುಂದಿನ ಮುಚ್ಚಳ ಎತ್ತಿ ನೋಡಿದ ರೀತಿ, ನನ್ನನ್ನು ನೋಡಲು ಬಂದ ದಿನವೂ ಹಾಗೆ ನೋಡಿರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ನಾಲ್ಕು ಹೊಳೆಯುವ ಕೊಳವೆಗಳು ಸಾಲಾಗಿ ಬಾಯಿ ತೆರೆದು ಮೇಲ್ಮುಖವಾಗಿ ನಿಂತಿವೆ. ಎಂಜಿನ್ ಅವುಗಳಿಂದಲೇ ಉಸಿರೆಳೆಯುವುದಂತೆ. ಥೇಟ್ ಮದುವೆ ಬ್ಯಾಂಡಿನ ತುತ್ತೂರಿ. ನಾನು ಹಾಗಂದಿದ್ದಕ್ಕೆ ಇವರು ನಕ್ಕು, ಆಗಿನಿಂದ ತಾವೂ ತುತ್ತೂರಿ ಅಂತಲೇ ಅನ್ನುತ್ತಿದ್ದಾರೆ. ಅತ್ತೆ ಹನುಮಮ್ಮ ಕಾರಿಗೆ ದೃಷ್ಟಿ ತೆಗೆದರು.

೨೪ ಆಗಸ್ಟ್, ಭಾನುವಾರ

ಸಣ್ಣ ಸ್ಕ್ರೂ ಒಂದನ್ನು ತಿರುಗಿಸಲು ಇವರಿಗೆ ಮುಕ್ಕಾಲು ಗಂಟೆ ಬೇಕಾಯಿತು. ನಾನು ಊಟದ ಡಬ್ಬಿ ಕೊಟ್ಟು ಬರಲು ಹೋದವಳು ಬಾಗಿಲಲ್ಲಿ ನಿಂತು ನೋಡಿದೆ. ಎಡಗೈಯಲ್ಲಿ ಬಲಗೈ ಹಿಡಿದುಕೊಂಡು, ಅದನ್ನು ಬೈದುಕೊಳ್ಳುತ್ತಾ, ತಿರುಗಿ ಪ್ರಯತ್ನ.

"ಸರೀರಿ ಅತ್ಲಾಗೆ. ಎಷ್ಟು ತಿರುಗಿಸಬೇಕು ಹೇಳ್ರಿ" ಅಂದೆ.

"ನಿಂಗೆ ಗೊತ್ತಾಗಲ್ಲ."

"ಚಪಾತಿ ಹಿಟ್ಟಿನ ಹದ ಕೈಗೆ ಗೊತ್ತಾಗ್ತತಿ, ಇದೇನು ಬ್ರಹ್ಮವಿದ್ಯೆನಾ?"

ಕಾಲು ಸುತ್ತು ಅಂದರು. ತಿರುಗಿಸಿದೆ. ಅಷ್ಟೇ. ಸೀರೆಗೆ ಎಣ್ಣೆ ಕಲೆಯಾಯಿತು, ಒಳ್ಳೇ ಸೀರೆ.

೧೪ ಸೆಪ್ಟೆಂಬರ್, ಭಾನುವಾರ

ಮೂರು ವಾರದಿಂದ ಭಾನುವಾರವೆಲ್ಲ ಗೋದಾಮಿನಲ್ಲೇ. ವಾಲ್ವಿನ ಸಂದಿಗೆ ತೆಳ್ಳಗಿನ ಉಕ್ಕಿನ ಪಟ್ಟಿ ತೂರಿಸಿ ನೋಡುವುದು. ಪಟ್ಟಿ ಸಲೀಸಾಗಿ ಜಾರಲೂ ಬಾರದು, ಸಿಕ್ಕಿಕೊಳ್ಳಲೂ ಬಾರದು. ಹಳೇ ರೇಷ್ಮೆ ಸೀರೆ ಬೆರಳ ನಡುವೆ ಎಳೆದ ಹಾಗೆ ಹಿಡಿಯಬೇಕು ಅಂತ ನಾನೇ ಕಂಡುಕೊಂಡೆ. ಇವರು ಅಳೆದು ನೋಡಿ ಏನೂ ಹೇಳಲಿಲ್ಲ. ಹೇಳದಿದ್ದರೆ ಸರಿ ಇದೆ ಅಂತ ಅರ್ಥ.

ಉಗುರಿನ ಕಪ್ಪು ಹೋಗುತ್ತಿಲ್ಲ. ಪಹಣಿ ಕಿಟಕಿಯಲ್ಲಿ ಜಡೆ ಊರಿನ ಅಜ್ಜಿಯೊಬ್ಬಳು ಕೈ ನೋಡಿ "ಯಾರಾದ್ರೂ ಹೋದ್ರೇನಮ್ಮ, ಸುಡುಗಾಡಿನ ಬೂದಿ ಮುಟ್ಟಿದೀ?" ಅಂತ ಕೇಳಿದಳು. ಬಿಡ್ತು ಅನ್ನಮ್ಮ ಅಂದೆ.

ದೇವರೇ, ಈ ಒಂದು ಕಾರು ಮುಗಿಯಲಿ. ಮುಗಿದ ಮೇಲೆ ಗೋದಾಮಿಗೆ ಬೀಗ ಬೀಳಲಿ.

೨೮ ಸೆಪ್ಟೆಂಬರ್, ಭಾನುವಾರ

ಎಂಜಿನ್ನಿನ ಒಳಗಿನ ಚೈನು ಕೂರಿಸಿದರು. ಇದನ್ನು ಮಾತ್ರ ನನಗೆ ಮುಟ್ಟಲು ಬಿಡಲಿಲ್ಲ. ವಾಲ್ವು ಯಾವಾಗ ತೆರೆಯಬೇಕು, ಪಿಸ್ಟನ್ ಯಾವಾಗ ಮೇಲೆ ಬರಬೇಕು ಅನ್ನುವುದನ್ನು ಈ ಚೈನೇ ನಡೆಸುವುದು. ಒಂದು ಹಲ್ಲು ಆಚೀಚೆ ಕೂತರೆ ಪಿಸ್ಟನ್ ಬಂದು ವಾಲ್ವಿಗೆ ಹೊಡೆದು ಎಲ್ಲಾ ಮಣ್ಣುಪಾಲು. ಬೆಳಗ್ಗೆಯಿಂದ ಸಂಜೆವರೆಗೆ ಹಿಡಿಯಿತು. ಆಮೇಲೆ ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಕಣ್ಣು ಮುಚ್ಚಿ ಕೂತರು.

"ಎಲ್ಲೂ ತಡೀತಿಲ್ಲ ನೀಲಾ. ನನ್ ಕೈಗೆ ಇನ್ನೂ ಗೊತ್ತಾಗ್ತತಿ."

ಎಷ್ಟು ದಿನದ ಮೇಲೆ ಆ ಮುಖದಲ್ಲಿ ಕಳೆ ನೋಡಿದೆ. ತುತ್ತೂರಿಗಳ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, "ಇದನ್ನ ಯಾರೂ ಬಿಚ್ಚಬ್ಯಾಡ್ರಿ, ಒಂದು ಅಕ್ಕಿಕಾಳೂ ಒಳಗೆ ಬೀಳಬಾರ್ದು" ಅಂದರು. ವಿಜಯದಶಮಿಯ ಬೆಳಗ್ಗೆ ಶಾಂತವೀರಪ್ಪನವರ ಎದುರಿಗೆ ಸ್ಟಾರ್ಟ್ ಮಾಡುವುದು.

೧ ಅಕ್ಟೋಬರ್, ಬುಧವಾರ, ಆಯುಧಪೂಜೆ

ಇವರು ಪೆಟ್ರೋಲಿಗೂ ಬೂದುಗುಂಬಳಕ್ಕೂ ಪೇಟೆಗೆ ಹೋಗಿದ್ದರು. ನಾನೂ ಅತ್ತೆಯೂ ಪೂಜೆ ಮಾಡಿದೆವು. ಸ್ಪ್ಯಾನರುಗಳನ್ನು ತೊಳೆದು ಸಾಲಾಗಿ ಇಟ್ಟು ಕುಂಕುಮ, ಕಾರಿಗೆ ಚೆಂಡುಹೂವಿನ ಹಾರ, ಚಕ್ರಕ್ಕೆ ನಿಂಬೆಹಣ್ಣು.

"ಮುಸುಕು ಹಾಕ್ಕೊಂಡು ಕುಂತಿರೋ ದೇವ್ರಿಗೆ ಪೂಜೆ ಮಾಡ್ತಾರೇನೇ?" ಅಂದರು ಅತ್ತೆ.

ನನಗೂ ಹೌದೆನಿಸಿತು. ಎಂಜಿನ್ ಉಸಿರೆಳೆಯುವ ಜಾಗ, ಅಲ್ಲಿಗೇ ಪೂಜೆ ಇಲ್ಲ ಅಂದರೆ ಹೇಗೆ? ಬಟ್ಟೆ ಬಿಚ್ಚಿದೆ. ನಾಲ್ಕು ತುತ್ತೂರಿಯ ಬಾಯಿಗೂ ಒಂದೊಂದು ವೀಳ್ಯದೆಲೆ ಮುಚ್ಚಿ, ಎಲೆಯ ಮೇಲೆ ಒಂದೊಂದು ಅಡಿಕೆ ಹೋಳು ಇಟ್ಟೆ. ಅಕ್ಷತೆ ಹಾಕಲಿಲ್ಲ, ಅಷ್ಟು ಬುದ್ಧಿ ನನಗಿದೆ. ನನ್ನ ಗಂಡನ ಕೈ ಸೋಲದಿರಲಿ ಅಂತ ಬೇಡಿಕೊಂಡೆ. ಮನಸ್ಸಿಟ್ಟು ಬೇಡಿಕೊಂಡೆ, ಸುಳ್ಳಲ್ಲ.

ಇವರ ಬೈಕಿನ ಸದ್ದು ಕೇಳಿದ್ದೇ ಗಡಿಬಿಡಿಯಲ್ಲಿ ಎಲೆ ಎತ್ತಿ ಬಟ್ಟೆ ಕಟ್ಟಿದೆ. ಕೈಯಲ್ಲಿ ಮೂರು ಹೋಳು ಇದ್ದವು. ಇನ್ನೊಂದನ್ನು ಅತ್ತೆ ಬಾಯಿಗೆ ಹಾಕಿಕೊಂಡಿರಬೇಕು.

೨ ಅಕ್ಟೋಬರ್, ಗುರುವಾರ

ಮುಗಿಯಿತು.

ಸ್ಟಾರ್ಟ್ ಆಯಿತು. ಎದೆಯೊಳಗೆ ನಡುಕ ಹುಟ್ಟಿಸುವ ಸದ್ದು, ಶಾಂತವೀರಪ್ಪ ಚಪ್ಪಾಳೆ ತಟ್ಟಿದರು. ಇವರು ಕಾಲಿನಿಂದ ಒಂಚೂರು ಜೋರು ಕೊಟ್ಟರು. ಟಕ್ ಅಂತ ಒಂದು ಸದ್ದು, ಆಮೇಲೆ ಒನಕೆಯಲ್ಲಿ ಕಬ್ಬಿಣ ಕುಟ್ಟಿದ ಹಾಗೆ, ಆಮೇಲೆ ಏನೂ ಇಲ್ಲ. ಇವರು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದರು. ಕೈ ನಡುಗಿ ಬಳೆ ತೊಟ್ಟವರ ಹಾಗೆ ಕೀಲಿಗೊಂಚಲು ಕಿಣಿಕಿಣಿ ಅನ್ನುತ್ತಿತ್ತು.

ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ. ಒಂದು ಕ್ಷಣ ನನಗೆ ಖುಷಿಯಾಯಿತು. ಮುಗಿಯಿತು, ಇನ್ನು ಶೋರೂಮಿಗೆ ಹೋಗುತ್ತಾರೆ, ಈ ಗೋದಾಮಿಗೆ ಬಾಗಿಲು ಹಾಕಬಹುದು ಅಂತ. ಒಂದೇ ಕ್ಷಣ. ಆದರೂ ಆಯಿತು. ಥೂ ನನ್ನ ಜನ್ಮಕ್ಕೆ.

೪ ಅಕ್ಟೋಬರ್, ಶನಿವಾರ

ಇವರು ಊಟ ಮಾಡುತ್ತಿಲ್ಲ. ಅಡಿಕೆ ವಿಷಯ ಅತ್ತೆಯನ್ನು ಕೇಳಲು ಧೈರ್ಯ ಬರುತ್ತಿಲ್ಲ.

೧೨ ಅಕ್ಟೋಬರ್, ಭಾನುವಾರ

ಎಂಜಿನ್ ಬಿಚ್ಚಿದೆವು. ಮೂರನೆಯ ತುತ್ತೂರಿಯ ಕೆಳಗಿನ ವಾಲ್ವು ಬಾಗಿದೆ, ಪಿಸ್ಟನ್ನಿನ ತಲೆ ಒಡೆದಿದೆ. ಚೈನೂ ಜಾರಿದೆ.

"ಹೊಡೆತಕ್ಕೆ ಚೈನು ಈಗ ಜಾರಿರಬಹುದಲ್ರಿ?" ಅಂದೆ.

"ಇಲ್ಲ. ನಾನೇ ಒಂದು ಹಲ್ಲು ತಪ್ಪಿಸಿ ಕೂರಿಸಿದೀನಿ. ಎರಡು ಸುತ್ತು ತಿರುಗಿಸಿದಾಗ ತಡೆದಿರ್ತತಿ, ನನ್ ಕೈಗೆ ಗೊತ್ತಾಗಿಲ್ಲ." ತಮ್ಮ ಕೈಯನ್ನು ಪರರ ಕೈ ನೋಡುವ ಹಾಗೆ ನೋಡಿಕೊಂಡರು. ನೀರು ಕುಡಿಯಲು ಹೊರಗೆ ಹೋದರು.

ನಾನು ಆ ಕೊಳವೆಯ ಒಳಗೆ ಬಟ್ಟೆ ತೂರಿಸಿ ಒರೆಸುತ್ತಿದ್ದೆ. ತಿರುವಿನಲ್ಲಿ ಏನೋ ಸಿಕ್ಕಿತು. ಎಳೆದೆ. ಅಡಿಕೆ. ಅರ್ಧ ಹೋಳು, ಅಂಚು ಜಜ್ಜಿಹೋಗಿದೆ, ಮಸಿ ಹತ್ತಿದೆ, ಆದರೂ ಅಡಿಕೆಯ ಬಿಳಿ ಗೆರೆಗಳು ಕಾಣುತ್ತವೆ.

ಇವರ ಹೆಜ್ಜೆಯ ಸದ್ದು ಕೇಳಿತು. ಕೈಯಲ್ಲಿ ಹಿಡಿದು ನಿಂತಿದ್ದೆ. ಬಾಯಿಗೆ ಹಾಕಿಕೊಂಡುಬಿಟ್ಟೆ! ಪೆಟ್ರೋಲು, ಮಸಿ, ಒಗರು. ಅಗಿದೆ.

"ಏನು ತಿಂತಿದೀ?"

"ಅಡಕಿ" ಅಂದೆ. ನುಂಗಿದೆ.

ನಿಜವನ್ನೇ ಹೇಳಿದೆ, ಮುಖ ನೋಡಿಯೇ ಹೇಳಿದೆ. ಇವರು ಕೇಳಿಸಿಕೊಂಡು ಸುಮ್ಮನೆ ಸ್ಪ್ಯಾನರು ಜೋಡಿಸತೊಡಗಿದರು. ನಾಳೆ ಹೇಳುತ್ತೇನೆ. ನಾಳೆ ಖಂಡಿತ.

೨೬ ಅಕ್ಟೋಬರ್, ಭಾನುವಾರ

ಹೇಳಲಿಲ್ಲ.

ಇವರು ಗೋದಾಮಿನ ಕಡೆ ಹೋಗದೆ ಎರಡು ವಾರವಾಯಿತು. ಚಹಾ ಲೋಟ ತಾವಾಗಿ ಹಿಡಿಯುತ್ತಿಲ್ಲ, ಅತ್ತೆ ಕುಡಿಸುತ್ತಾರೆ. ದಸರೆಗೆ ಮುಂಚೆ ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದವರು ಈಗ ನನ್ನ ಮುಂದೆ ಬಂದು ಸುಮ್ಮನೆ ನಿಲ್ಲುತ್ತಾರೆ. ದಾವಣಗೆರೆಗೆ ಕರೆದುಕೊಂಡು ಹೋದೆ. ರೋಗ ಹೆಚ್ಚಾಗಿಲ್ಲ, ಅವರೇ ಕೈ ಬಿಟ್ಟಿದ್ದಾರೆ, ಮೊದಲಿನ ಹಾಗೆ ಕೆಲಸ ಮಾಡಿಸಿ ಅಂದರು ಡಾಕ್ಟರು. ಶೋರೂಮಿನವರಿಗೂ ಇವರೇ ಫೋನು ಮಾಡಿ ಬರುವುದಿಲ್ಲ ಅಂದರು. "ಸಹಿ ಹಾಕೋಕೂ ಕೈ ಬೇಕಲ್ಲ" ಅಂದರಂತೆ.

ನಾನು ಹೇಳಬೇಕಾದದ್ದು ಒಂದು ಮಾತು. ಅದು ಬಾಯಿಗೆ ಬರುತ್ತದೆ, ಇವರ ಮುಖ ನೋಡುತ್ತೇನೆ, ವಾಪಸು ಹೋಗುತ್ತದೆ. ಹೇಳಿದ ಮೇಲೆ ಇವರು ನನ್ನನ್ನು ಹೇಗೆ ನೋಡುತ್ತಾರೋ ಅನ್ನುವ ಭಯ, ಬೇರೇನಲ್ಲ.

೯ ನವೆಂಬರ್, ಭಾನುವಾರ

ಶಾಂತವೀರಪ್ಪ ಬಂದಿದ್ದರು. ಬೈದಿದ್ದರೆ ಚೆನ್ನಾಗಿತ್ತು.

"ಆಕಳು ಸತ್ರೆ ಡಾಕ್ಟರೇ ಕೊಂದ ಅಂತ ನನ್ನ ಎಷ್ಟೋ ಜನ ಬೈದಿದಾರೆ. ಆ ಕೆಲಸ ನಾನು ಮಾಡೋದಿಲ್ಲ. ಓಟಕ್ಕೆ ಇನ್ನೂ ಎರಡು ತಿಂಗಳದೆ, ಸರಿ ಮಾಡಿಕೊಡಿ" ಅಂದರು.

"ನನ್ ಕೈಲಿ ಆಗಲ್ಲ ಸಾರ್" ಅಂದರು ಇವರು.

"ನಾನು ಮಾಡ್ತೀನಿ" ಅಂದದ್ದು ಯಾರೋ ಅಂತ ನೋಡಿದರೆ ನಾನೇ.

ಕೊನೆಗೆ ಒಪ್ಪಂದವಾಯಿತು. ಇವರು ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ನಾನು ಮಾಡುತ್ತೇನೆ. "ಬಾಯಿ ಹೇಳ್ತತಿ, ಕೈ ಮಾತ್ರ ಕೇಳಬ್ಯಾಡ" ಅಂದರು. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರುತ್ತಾರೆ.

೩೦ ನವೆಂಬರ್, ಭಾನುವಾರ

ಕೊಯಮತ್ತೂರಿನಿಂದ ವಾಲ್ವು, ಪಿಸ್ಟನ್ ಬಂದವು. ವಾಲ್ವನ್ನು ಪೇಸ್ಟು ಹಚ್ಚಿ ಅಂಗೈಯಲ್ಲಿ ಕಡ್ಡಿ ಹೊಸೆದು ಹೊಸೆದು ಕೂರಿಸಿದೆ. ಸುತ್ತಲೂ ಒಂದೇ ಅಗಲದ ಬೂದು ಉಂಗುರ ಮೂಡಬೇಕು. ಎರಡನೆಯದರಲ್ಲಿ ಒಂದು ಕಡೆ ಕೂದಲೆಳೆಯಷ್ಟು ಸಣ್ಣದಾಗಿತ್ತು, ಇವರು ಸಾಕು ಅಂದರು, ನಾನು ಕೇಳಲಿಲ್ಲ, ಮತ್ತೆ ಮಾಡಿದೆ.

ಸೊರಬದ ಬಸ್ಸು ನಾಲ್ಕು ದಿನದಿಂದ ಏರಿನಲ್ಲಿ ಒಂದು ಸಿಲಿಂಡರ್ ಬಿಟ್ಟು ಓಡುತ್ತಿದೆ. ಡ್ರೈವರಿಗೆ ಹೇಳಿದರೆ ನಕ್ಕ. ಶುಕ್ರವಾರ ನಡುದಾರಿಯಲ್ಲಿ ನಿಂತಿತು. ಅನುಭವಿಸಲಿ. ಆಫೀಸಿಗೆ ತಡವಾಗಿ ಬೈಸಿಕೊಂಡೆ.

ಚೈನು ಕೂರಿಸುವಾಗ, "ಸರಿಯಾಗೈತಾ ನೀವೊಂದ್ಸಲ ತಿರುಗಿಸಿ ನೋಡ್ರಿ" ಅಂದೆ. ಕೈ ತೊಡೆಯ ಕೆಳಗಿನಿಂದ ಬರಲಿಲ್ಲ.

೧೪ ಡಿಸೆಂಬರ್, ಭಾನುವಾರ

ಸ್ಟಾರ್ಟ್ ಆಯಿತು, ನಿಲ್ಲಲಿಲ್ಲ. ರಬ್ಬರು ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುತ್ತೂರಿಯ ಬಾಯಿಗೆ ಹಿಡಿದು ನಾಲ್ಕರ ಉಸಿರನ್ನೂ ಸಮ ಮಾಡಿದೆ. ಮೂರನೆಯದು ಒಂದು ತೂಕ ಗಡುಸು ಇತ್ತು, ಸಣ್ಣ ಸ್ಕ್ರೂ ಅರೆಕಾಲು ಸುತ್ತು ಸಡಿಲ ಬಿಟ್ಟೆ, ಕೂಡಿಕೊಂಡಿತು. ಶಾಂತವೀರಪ್ಪ ಶಿಕಾರಿಪುರದಿಂದ ಬಳ್ಳಿಗಾವಿಯವರೆಗೆ ಓಡಿಸಿಕೊಂಡು ಹೋಗಿಬಂದರು. ಇಳಿದಾಗ ಮುದುಕರ ಕಣ್ಣಲ್ಲಿ ನೀರಿತ್ತು.

"ಯಾವ ಪುಣ್ಯಾತ್ಮನ ಕೈ ಮಾರಾಯ್ರೆ ಇದು!" ಅಂದರು.

ಇವರು ನನ್ನ ಕಡೆ ತೋರಿಸಿದರು. ಗದ್ದದಿಂದ ತೋರಿಸಿದರು, ಬೆರಳಿನಿಂದ ಅಲ್ಲ.

೨೧ ಡಿಸೆಂಬರ್, ಭಾನುವಾರ

ಹೇಳಿದೆ.

ಮಧ್ಯಾಹ್ನ ಊಟ ಮಾಡಿಸುತ್ತಿದ್ದೆ. ತುತ್ತು ಬಾಯಿಗಿಡುವಾಗ ಇವರು "ನನ್ನಿಂದ ನಿಂಗೆಷ್ಟು ಕಷ್ಟ" ಅಂದರು. ತಡೆಯಲಾಗಲಿಲ್ಲ.

"ರೀ, ಆ ಎಂಜಿನ್ ಕೆಡಿಸಿದ್ದು ನೀವಲ್ಲ. ನಾನು. ಪೂಜೆ ದಿನ ಬಟ್ಟೆ ಬಿಚ್ಚಿ ಅಡಕಿ ಇಟ್ಟಿದ್ದೆ. ಒಂದು ಹೋಳು ಒಳಗೆ ಬಿದ್ದಿತ್ತು. ನಿಮ್ ಚೈನು ಸರಿಯಾಗೇ ಇತ್ತು."

ತುತ್ತು ನುಂಗಿ ಕೇಳಿದರು. "ಮತ್ತೆ ಎಲ್ಲೈತಿ ಆ ಅಡಕಿ?"

"ತಿಂದುಬಿಟ್ಟೆ."

ನಕ್ಕರು. ದಸರೆಯಿಂದ ಈಚೆಗೆ ಮೊದಲ ಸಲ ನಕ್ಕರು. "ತಿಂದ್ಯಾ! ಎಂಜಿನ್ನಾಗಿರೋ ಅಡಕಿನ! ನೀಲಾ, ಸುಳ್ಳು ಹೇಳಿದ್ರೂ ನಂಬೋ ಅಂಥದ್ದು ಹೇಳ್ಬೇಕವ್ವ."

ಆಣೆ ಇಟ್ಟೆ. ಅತ್ತೆಯನ್ನು ಕರೆದೆ, ಹೇಳ್ರತ್ತೆ, ನಾಲ್ಕು ಇಟ್ಟಿದ್ದೆ ಅಲ್ವಾ, ನೀವೊಂದು ತಿಂದ್ರಾ ಅಂದೆ. ಅತ್ತೆಯ ಮುಖ ಬಿಳಿಚಿತು. "ನಾಲ್ಕೂ ನಾವೇ ತೆಗೆದ್ವಲ್ಲೇ. ದೇವ್ರ ಮುಂದಿಟ್ಟ ಅಡಕಿ ಕೇಡು ಮಾಡ್ತತಾ? ಹಂಗೆಲ್ಲಾ ಅನ್ನಬ್ಯಾಡ" ಅಂದು ಒಳಗೆ ಹೋದರು. ಅವರಿಗೂ ಭಯ. ಅವರನ್ನು ಏನನ್ನಲಿ, ಎರಡೂವರೆ ತಿಂಗಳು ನಾನೂ ಹೆದರಿಯೇ ಇದ್ದೆನಲ್ಲ.

"ನನ್ನ ಸಮಾಧಾನಕ್ಕೆ ಇಷ್ಟೆಲ್ಲಾ ಕಟ್ಟಿದ್ಯಲ್ಲ, ಸಾಕು" ಅಂದರು ಇವರು. ಎಷ್ಟು ಪ್ರೀತಿಯಿಂದ ಅಂದರು ಅಂದರೆ, ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಡೈರಿ ತೋರಿಸಿದರೆ ನಂಬುತ್ತಾರೆ. ಅಕ್ಟೋಬರ್ ಹನ್ನೆರಡರದ್ದು ಎಲ್ಲಾ ಬರೆದಿದ್ದೇನೆ. ಕೈಗೆತ್ತಿಕೊಂಡು ಹೊಸ್ತಿಲವರೆಗೆ ಹೋದೆ. ಅದೇ ಹಾಳೆಯ ಈ ಮಗ್ಗುಲಲ್ಲಿ ಎರಡನೇ ತಾರೀಖಿನದ್ದು ಇದೆ. ಎಂಜಿನ್ ಸತ್ತಾಗ ನನಗೆ ಖುಷಿಯಾಯಿತು ಅಂತ ನನ್ನ ಅಕ್ಷರದಲ್ಲೇ ಇದೆ. ಅದನ್ನು ಓದಿದರೆ ಬೇಕೆಂದೇ ಹಾಕಿದೆ ಅಂದುಕೊಳ್ಳುವುದಿಲ್ಲವೇ?

ವಾಪಸು ಬಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ.

೧೮ ಜನವರಿ ೨೦೨೬, ಭಾನುವಾರ

ಘಟ್ಟದ ಓಟದಲ್ಲಿ ಶಾಂತವೀರಪ್ಪ ಏಳನೆಯವರಾಗಿ ಬಂದರಂತೆ. ಗೆದ್ದವರಿಗಿಂತ ಹೆಚ್ಚು ಕುಣಿದಾಡುತ್ತಿದ್ದಾರೆ. ಅವರ ಮಾತು ಕೇಳಿ ಶಿರಸಿಯಿಂದ ಒಂದು, ಹುಬ್ಬಳ್ಳಿಯಿಂದ ಒಂದು ಕಾರು ಬಂದು ಗೋದಾಮಿನಲ್ಲಿ ನಿಂತಿವೆ. ಹುಬ್ಬಳ್ಳಿಯದ್ದು ಎರಡನೆಯ ಮತ್ತು ನಾಲ್ಕನೆಯ ಸಿಲಿಂಡರಿನಲ್ಲಿ ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ, ನಿಂತಲ್ಲೇ ಎಂಜಿನ್ ಓಡುವ ಸದ್ದಿನಲ್ಲೇ ಗೊತ್ತಾಗುತ್ತದೆ. ಈ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಅಂತ ಕಚೇರಿಗೆ ಬರೆದುಕೊಟ್ಟೆ.

ಇವರೀಗ ಒಳಗೆ ಬರುವುದೇ ಇಲ್ಲ. ರಸ್ತೆಯ ಕಡೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ. ಮೊದಲು ಕೇಳಿದ್ದಕ್ಕೆ ಹೇಳುತ್ತಿದ್ದರು, ಈಗ "ನಿಂಗೇ ಗೊತ್ತಾಗ್ತತಿ" ಅನ್ನುತ್ತಾರೆ. ನನಗೆ ಗೊತ್ತಾಗುತ್ತದೆ, ಅದೇ ಕಷ್ಟ.

ಇವತ್ತು ಬೋರ್ಡು ಬರೆಯುವ ಸಣ್ಣಪ್ಪ ಬಂದಿದ್ದ. ತಗಡಿನ ಮೇಲೆ ಏನಂತ ಬರೆಯಲಿ ಅಂದ. ಮಾಲತೇಶ್ ಮೋಟಾರ್ಸ್ ಅಂತ ಬರಿಯಪ್ಪ ಅಂದು ನಾನು ಒಳಗೆ ಬಂದೆ. ಸಂಜೆ ಹೊರಗೆ ಬಂದು ನೋಡಿದರೆ ಕೆಂಪು ಅಕ್ಷರದಲ್ಲಿ 'ನೀಲಾಂಬಿಕ ಮೋಟಾರ್ಸ್' ಅಂತಿದೆ. ಬಣ್ಣ ಇನ್ನೂ ಹಸಿ.

"ಇದೇನ್ರಿ ಇದು? ಇದು ನಿಮ್ ಅಂಗಡಿ. ಅಳಿಸಪ್ಪ ಸಣ್ಣಪ್ಪ, ಇವರ ಹೆಸ್ರು ಬರಿ" ಅಂತ ಕೂಗಿಕೊಂಡೆ.

ಇವರು ಕುರ್ಚಿಯಿಂದ ಏಳಲಿಲ್ಲ. "ಬಂದ ಮೊದಲನೇ ಎಂಜಿನ್ನೇ ಒಡೆದೋರ ಹೆಸ್ರನ್ನ ಯಾರಾದ್ರೂ ಬೋರ್ಡಿಗೆ ಹಾಕ್ತಾರಾ ನೀಲಾ?" ಅಂದರು.

ಸಣ್ಣಪ್ಪ ಏಣಿ ಹಿಡಿದುಕೊಳ್ಳಲು ಯಾರಾದರೂ ಬನ್ನಿ ಅಂದ. ಇನ್ಯಾರಿದ್ದರು, ನಾನೇ ಹೋಗಿ ಹಿಡಿದುಕೊಂಡೆ.